ಅಂಗಾತ ಉಳಿದ ಬಟ್ಟಲು

ಪ್ರೀತಿಯ ಮಾವ,

ಅಲ್ಲಿ ಊಟದ ವ್ಯವಸ್ಥೆ ಹೇಗಿದೆಯೋ ಗೊತ್ತಿಲ್ಲ. ಇಲ್ಲಿ ಪರದೇಶದಲ್ಲಿ, ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ, ನಿಮ್ಮ ಊಟದ ಬಟ್ಟಲಿನಿಂದಾಗಿ ಮೊನ್ನೆ ದೊಡ್ಡ ರಾಜಕೀಯವೇ ನಡೆದುಹೋಯಿತು. ಅದನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ. ನೀವು ಬದುಕಿದ್ದಾಗ ನಾವಿಬ್ಬರೂ ತುಳುವಿನಲ್ಲೇ ಮಾತಾಡಿದವರು. ಆದರೆ ಕಾಗದ ಬರೆಯಲು ಕೂತರೆ ನನಗೆ ಶಾಲೆಯ ಕನ್ನಡವೇ ಬರುತ್ತದೆ. ಓದುವಾಗ ತಪ್ಪು ಹುಡುಕಬೇಡಿ. ಅಲ್ಲ, ಹುಡುಕಿ. ನೀವು ತಪ್ಪು ಹುಡುಕದಿದ್ದರೆ ಇದು ನಿಮ್ಮ ಕೈ ಸೇರಿತೆಂದು ನಾನು ನಂಬುವುದಾದರೂ ಹೇಗೆ?

ಆ ಪುಸ್ತಕ ಮನೆಗೆ ಬಂದ ದಿನ ನೆನಪಿದೆಯಾ? ಮೇಲಿನ ಮಹಡಿಯವರು ಮನೆ ಖಾಲಿ ಮಾಡಿ ಲಿಫ್ಟಿನ ಪಕ್ಕ ಬಿಟ್ಟುಹೋದ ಸಾಮಾನಿನಲ್ಲಿ ನಾನು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೆ, ನೀವು ಪುಸ್ತಕ ಎತ್ತಿಕೊಂಡಿರಿ. ಇಸ್ತ್ರಿ ಪೆಟ್ಟಿಗೆ ಮರುದಿನವೇ ಸುಟ್ಟುಹೋಯಿತು. ಪುಸ್ತಕದ ಬಿಸಿ ಇನ್ನೂ ಆರಿಲ್ಲ. ಅಮೆರಿಕದ ಒಬ್ಬ ಹಳೆಯ ಅಧ್ಯಕ್ಷನ ಚರಿತ್ರೆ ಅದು. ನೀವು ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜಿನ ಕೌಂಟರಿನಲ್ಲಿ ಕೂರುವವರು. ಮುಖಪುಟ ನೋಡಿದ್ದೇ, “ಇವನನ್ನು ನಾನು ದಿನಾ ನೋಡ್ತೇನಲ್ಲ ಮಾರಾಯ!” ಎಂದಿರಿ. ಇಪ್ಪತ್ತು ಡಾಲರ್ ನೋಟಿನ ಮೇಲಿರುವ, ಗಾಳಿಗೆ ಸಿಕ್ಕಿದಂಥ ಕೂದಲಿನ ಮನುಷ್ಯ. ಬ್ಯಾಂಕೆಂದರೆ ಆಗದ, ಕಾಗದದ ನೋಟೆಂದರೆ ಉರಿದುಬೀಳುವ ಅವನನ್ನು ಹಿಡಿದು ನೋಟಿನ ಮೇಲೆಯೇ ಅಚ್ಚು ಹಾಕಿದ್ದಾರೆಂದು ತಿಳಿದ ದಿನ ನೀವು ನಕ್ಕ ನಗುವಿಗೆ ಚಾ ಮೂಗಿಗೆ ಹತ್ತಿತ್ತು.

ಆಮೇಲೆ ನಿಮ್ಮನ್ನು ಹಿಡಿಯುವವರು ಯಾರು? ಕ್ರೆಡಿಟ್ ಕಾರ್ಡ್ ಬೇಕಾ ಸರ್ ಎಂದು ಫೋನ್ ಮಾಡಿದ ಆ ಹುಡುಗಿಯ ಕಥೆ ನಾನು ಇವತ್ತಿಗೂ ಸಾಮಾನಿನ ವ್ಯಾನ್ ಓಡಿಸುತ್ತ ಜೊತೆಗಿದ್ದವರಿಗೆ ಹೇಳುತ್ತಿರುತ್ತೇನೆ. ನಾವೆಲ್ಲ ಅರಬ್ಬಿಯಲ್ಲಿ “ಮಾಫಿ, ಮಾಫಿ”, ಇಲ್ಲ ಇಲ್ಲ, ಎಂದು ಫೋನಿಡುವವರು. ನೀವು ಕುರ್ಚಿ ಎಳೆದು ಕೂತಿರಿ. “ನೋಡಮ್ಮ, ಒಬ್ಬ ಅಧ್ಯಕ್ಷ ಇದ್ದ. ಹಣವಂತರ ಬ್ಯಾಂಕಿಗೆ ಸರ್ಕಾರ ಯಾಕೆ ಕೊಡೆ ಹಿಡಿಯಬೇಕು ಅಂತ ಕೇಳಿದ. ದೇಶದ ದೊಡ್ಡ ಬ್ಯಾಂಕನ್ನೇ ಮುಚ್ಚಿಸಿದ” ಎಂದು ನಿಮ್ಮ ಮುರುಕು ಹಿಂದಿಯಲ್ಲಿ ಶುರು ಮಾಡಿದವರು, ಅವಳು ಫೋನ್ ಕತ್ತರಿಸುವವರೆಗೂ ನಿಲ್ಲಿಸಲಿಲ್ಲ. ಮುಂದಿನ ವಾರ ಅವಳೇ ಮತ್ತೆ ಫೋನ್ ಮಾಡಿ, “ಅಂಕಲ್, ಮುಚ್ಚಿದ ಮೇಲೆ ಏನಾಯಿತು?” ಎಂದು ಕೇಳಲಿಲ್ಲವೇ? ಏನಾಯಿತೆಂಬ ಅಧ್ಯಾಯ ನೀವು ಆಗಿನ್ನೂ ಓದಿರಲಿಲ್ಲ. ಓದಿದ ಮೇಲೆ ಮಂಕಾದಿರಿ. ದೊಡ್ಡ ಬ್ಯಾಂಕು ಹೋದ ಮೇಲೆ ಸಣ್ಣ ಬ್ಯಾಂಕುಗಳು ಅಣಬೆಯ ಹಾಗೆ ಎದ್ದು, ಕೊನೆಗೆ ಬಡವರ ಗಂಜಿಗೇ ಪೆಟ್ಟು ಬಿತ್ತಂತೆ.

ಧೈರ್ಯದ ಅಧ್ಯಾಯ ಬಂದಾಗ ನಿಮಗೆ ಮೂತ್ರಕೋಶದ ಕಲ್ಲಿನ ನೋವು. ಆ ಮನುಷ್ಯ ಎದುರಾಳಿಯ ಗುಂಡನ್ನು ಎದೆಯಲ್ಲಿಟ್ಟುಕೊಂಡೇ ಬದುಕು ಮುಗಿಸಿದನೆಂದು ಓದಿ, “ಅವನ ಎದೆಯಲ್ಲಿ ಗುಂಡು, ನನ್ನ ಹೊಟ್ಟೆಯಲ್ಲಿ ಕಲ್ಲು, ಇಬ್ಬರೂ ಒಂದೇ ಜಾತಿ” ಎಂದು ಆಸ್ಪತ್ರೆಯ ದಾರಿಯಲ್ಲಿ ನರಳುತ್ತಲೇ ಹೇಳಿದಿರಿ. ಧೈರ್ಯ ಇರುವವನು ಒಬ್ಬನೇ ಇದ್ದರೂ ಅವನೇ ಬಹುಮತ ಎಂಬ ಮಾತನ್ನು ಅವನ ಹೆಸರಿಗೆ ಹಚ್ಚುತ್ತಾರೆ. ಹೇಳಿದ್ದನೋ ಇಲ್ಲವೋ, ನೀವಂತೂ ಅದನ್ನು ನಮ್ಮ ಅಡುಗೆಮನೆಯ ಕಾನೂನು ಮಾಡಿಬಿಟ್ಟಿರಿ.

ಆ ಕಾನೂನನ್ನು ನಾನು ನಿಮಗೇ ನೆನಪಿಸಬೇಕಾ? ರಾತ್ರಿ ಊಟ ಬೇಡದವನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ತನ್ನ ಬಟ್ಟಲನ್ನು ಕವುಚಿ ಇಡಬೇಕು. ಅಂಗಾತ ಇರುವ ಬಟ್ಟಲು ನೋಡಿ ನಮ್ಮ ಅಡುಗೆಯ ಮೋನುಚ್ಚ ಅಕ್ಕಿ ಅಳೆಯುತ್ತಾರೆ. ಇದು ಎಲ್ಲ ಮೆಸ್ಸಿನಲ್ಲೂ ಇರುವ ಪದ್ಧತಿಯೇ. ನೀವು ಸೇರಿಸಿದ್ದು ಎರಡು. ಒಬ್ಬನ ಬಟ್ಟಲನ್ನು ಇನ್ನೊಬ್ಬ ಕವುಚಬಾರದು. ಮತ್ತೆ, ಒಂದೇ ಒಂದು ಬಟ್ಟಲು ಅಂಗಾತ ಇದ್ದರೂ ಒಲೆ ಹಚ್ಚಲೇಬೇಕು. “ಸರ್ಕಾರ ಅಂದ್ರೆ ಇಷ್ಟೇ. ಉಳಿದದ್ದೆಲ್ಲ ಬೋರ್ಡು, ಕುರ್ಚಿ” ಎಂದಿರಿ. ಯಾವ ಕೆಲಸಕ್ಕೂ ಒಬ್ಬನೇ ಅಂಟಿ ಕೂರಬಾರದು, ಸಾಧಾರಣ ಮನುಷ್ಯನೂ ಸರ್ಕಾರದ ಕೆಲಸ ಮಾಡಬಲ್ಲ ಎಂದು ಆ ಅಧ್ಯಕ್ಷ ಹೇಳಿದ್ದಕ್ಕೆ ಬಾತ್‌ರೂಮ್ ತೊಳೆಯುವುದರಿಂದ ಮೀನು ತರುವುದರವರೆಗೆ ಎಲ್ಲವನ್ನೂ ಸರದಿಗೆ ಹಾಕಿದಿರಿ. ಮೆಸ್ಸಿನ ಯಜಮಾನಿಕೆ ಮಾತ್ರ ಸರದಿಗೆ ಬರಲೇ ಇಲ್ಲ. ಯಾಕೆಂದು ಕೇಳಿದರೆ, “ಅವನೂ ಎರಡು ಸಲ ಅಧ್ಯಕ್ಷ ಆಗಿದ್ದ” ಎಂದಿರಿ.

ನಿಮಗೂ ಮೋನುಚ್ಚನಿಗೂ ಆ ಚಿತ್ರದ ಬಗ್ಗೆ ಆದ ಜಗಳ ನೆನೆದರೆ ಈಗಲೂ ನಗು ಬರುತ್ತದೆ. ನೀವು ಅಧ್ಯಕ್ಷನ ಚಿತ್ರ ಕತ್ತರಿಸಿ ಒಲೆಯ ಮೇಲಿನ ಟೈಲ್ಸಿಗೆ ಅಂಟಿಸಿದ್ದಿರಿ. ಮೋನುಚ್ಚ ಎಷ್ಟೋ ದಿನ ಅದನ್ನು ನಿಮ್ಮ ಹೆಂಡತಿಯ ಕಡೆಯ ಯಾರೋ ಹಿರಿಯರೆಂದು ತಿಳಿದು ಮರ್ಯಾದೆಯಿಂದ ಒರೆಸುತ್ತಿದ್ದರು. ಆಮೇಲೆ ನೀವೇ ಒಂದು ಸಂಜೆ ಮುಂದಿನ ಅಧ್ಯಾಯವನ್ನು ಗಟ್ಟಿಯಾಗಿ ಓದಿದಿರಿ. ಆತ ಗುಲಾಮರನ್ನು ಇಟ್ಟುಕೊಂಡಿದ್ದ, ಮೂಲನಿವಾಸಿಗಳನ್ನು ಅವರ ನೆಲದಿಂದಲೇ ಎಬ್ಬಿಸಿ ಓಡಿಸಿದ್ದ.

ಮೋನುಚ್ಚ ಸೌಟು ಕೆಳಗಿಟ್ಟರು. “ಶೀನಣ್ಣ, ಊರು ಬಿಡಿಸಿ ಜನರನ್ನು ಓಡಿಸಿದವನ ಮುಖ ನೋಡಿ ನಾನು ಮೀನು ಸಾರು ಮಾಡ್ಬೇಕಾ?”

“ಧೈರ್ಯ ಇತ್ತು ಅಂದದ್ದು. ನ್ಯಾಯ ಇತ್ತು ಅಂತ ನಾನು ಎಲ್ಲಿ ಹೇಳಿದೆ?” ಎಂದಿರಿ ನೀವು. ಆದರೂ ಚಿತ್ರ ಕಿತ್ತು ನೀರುಳ್ಳಿ ಚೀಲದ ಹಿಂದೆ ಹಾಕಿದಿರಿ. ಒಳ್ಳೆಯ ಅಧ್ಯಾಯ ಬಂದಾಗ ಒಲೆಯ ಮೇಲೆ, ಕೆಟ್ಟದ್ದು ಬಂದಾಗ ನೀರುಳ್ಳಿಯ ಹಿಂದೆ. ಪಾಪ, ಅಷ್ಟು ಏರಿಳಿತ ಅವನು ಚುನಾವಣೆಯಲ್ಲೂ ಕಂಡಿರಲಿಕ್ಕಿಲ್ಲ.

ಕೊನೆಯ ಸಲ ನೀವು ರಜೆಗೆ ಹೊರಟ ಬೆಳಿಗ್ಗೆ... ಟ್ಯಾಕ್ಸಿ ಕೆಳಗೆ ಹಾರ್ನ್ ಹಾಕುತ್ತಿತ್ತು, ನಿಮ್ಮ ಪೆಟ್ಟಿಗೆಯ ಜಿಪ್ ಕೂರುತ್ತಿರಲಿಲ್ಲ. ರಜೆಗೆ ಹೋಗುವವನು ಬಟ್ಟಲು ಕವುಚಿ ಹೋಗಬೇಕಲ್ಲ? ಕಾನೂನು ಮಾಡಿದವರೇ ಮರೆತಿರಿ. ಊರಿನಲ್ಲಿ ವಾರವೂ ಆಗಿರಲಿಲ್ಲ, ಎದೆನೋವಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಫೋನಿನಲ್ಲಿ ಅಮ್ಮ ಹೇಳಿದ್ದಷ್ಟೇ ನಮಗೆ ಗೊತ್ತು. ನಾವ್ಯಾರೂ ನಿಮ್ಮ ಮುಖ ನೋಡಲಿಲ್ಲ. ನಮಗಿಲ್ಲಿ ನೀವು ರಜೆಗೆ ಹೋದವರೇ.

ನೀವಿದ್ದಾಗ ತೆಪ್ಪಗೆ ತಮ್ಮ ಸರದಿಯ ಮೀನು ತರುತ್ತಿದ್ದ ನಾಗಭೂಷಣರು, ಮೈಸೂರಿನವರು, ಆಫೀಸಿನ ಕೆಲಸದವರು, ಯಜಮಾನರಾದರು. ಫ್ಲ್ಯಾಟಿನ ಕರಾರು ಅವರ ಹೆಸರಿನಲ್ಲಿರುವುದರಿಂದ ಯಾರೂ ಎದುರು ಮಾತಾಡಲಿಲ್ಲ. ಹೋದ ವಾರ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಹೇಳಿದರು: “ಒಬ್ರು ಕಮ್ಮಿ ಆದ್ರೂ ಅಕ್ಕಿ ಮೊದಲಿನಷ್ಟೇ ಖಾಲಿಯಾಗ್ತಿದೆ ಕಣ್ರೀ. ಇದೇನು ಲೆಕ್ಕ? ಮೆಸ್ ಖಲಾಸ್ ಮಾಡಿ ಹೋಟೆಲ್ ಪಾರ್ಸಲ್ ತರಿಸೋಣ. ಒಪ್ಪಿಗೆ ಇರೋರು ಶನಿವಾರ ತಟ್ಟೆ ಕವುಚಿಬಿಡಿ.” ನಮ್ಮ ಬಟ್ಟಲು ಅವರಿಗೆ ತಟ್ಟೆ. ಮೋನುಚ್ಚ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಮೆಸ್ ನಿಂತರೆ ಅವರಿಗೆ ಈ ಮನೆಯಲ್ಲಿ ಮಲಗುವ ಜಾಗವೂ ಇಲ್ಲ. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಅಡುಗೆ ಮಾಡಿ ಮಾಡಿ ಮಂಡಿ ಸವೆದ ಮನುಷ್ಯನಿಗೆ ಈ ವಯಸ್ಸಿನಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ, ನೀವೇ ಹೇಳಿ?

ನಾನು ಭಾಷಣ ತಯಾರು ಮಾಡಿದೆ ಮಾವ. ಶುಕ್ರವಾರ ಅಬುಧಾಬಿಯ ಖಲೀಫಾ ಸಿಟಿಗೆ ಸಾಮಾನು ಇಳಿಸಲು ಹೋಗಿದ್ದೆ. ಹೋಗುವಾಗ ಸರ್ಕಾರದ ಬಗ್ಗೆ, ಬರುವಾಗ ಧೈರ್ಯದ ಬಗ್ಗೆ, ಸ್ಟೀರಿಂಗ್ ಗುದ್ದಿ ಗುದ್ದಿ ಮಾತಾಡಿದೆ. ಸಿಗ್ನಲ್ಲಿನಲ್ಲಿ ಪಕ್ಕದ ಟ್ಯಾಕ್ಸಿಯ ಪಠಾಣ ಗಾಜು ಇಳಿಸಿ, “ಭಾಯಿ, ಫೋನಿನಲ್ಲಿ ಹೆಂಡತಿ ಹತ್ತಿರ ಅಷ್ಟು ಜೋರಾಗಿ ಮಾತಾಡಬೇಡ” ಎಂದು ಹಿಂದಿಯಲ್ಲಿ ಬುದ್ಧಿ ಹೇಳಿದ.

ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಪಾಟಿನ ಮೇಲೆ ಬಟ್ಟಲುಗಳೆಲ್ಲ ಆಮೆಗಳ ಹಾಗೆ ಬೆನ್ನು ತೋರಿಸಿ ಮಲಗಿದ್ದವು. ನನ್ನದೊಂದು ಅಂಗಾತ ಇತ್ತು. ನಾಗಭೂಷಣರು ಕೈಕಟ್ಟಿ ನಿಂತಿದ್ದರು. “ಏನ್ರೀ ಭಾಸ್ಕರ್, ಮರೆತ್ರಾ?” ಎಂದರು, ನಗುತ್ತಲೇ. ಉಳಿದವರು ತಮ್ಮ ತಮ್ಮ ಮೊಬೈಲಿನೊಳಗೆ ಇಳಿದುಬಿಟ್ಟರು. ನನ್ನ ಭಾಷಣ ಇತ್ತಲ್ಲ, ಅದು ಖಲೀಫಾ ಸಿಟಿಯಲ್ಲೇ ಇಳಿದುಹೋಗಿತ್ತು. ಕೈ ತಾನಾಗಿ ಬಟ್ಟಲಿನ ಕಡೆ ಹೋಗುತ್ತಿತ್ತು ಕೂಡ. ಅಷ್ಟರಲ್ಲಿ ಮೋನುಚ್ಚ ಲೈಟರ್ ಹಿಡಿದು ಬಂದರು. ನನ್ನ ಮುಖ ನೋಡಲಿಲ್ಲ. ಬಟ್ಟಲನ್ನೇ ನೋಡುತ್ತ, ದಿನಾ ಕೇಳುವ ಹಾಗೆಯೇ ಕೇಳಿದರು:

“ಒಲೆ ಹಚ್ಚುದಾ, ಬೇಡ್ವಾ?”

“ಹಚ್ಚಿ” ಎಂದೆ. ಅಷ್ಟೇ ಮಾವ. ನಿಮ್ಮ ಅಳಿಯನ ಜೀವಮಾನದ ಧೈರ್ಯವೆಲ್ಲ ಸೇರಿ ಒಂದು ಶಬ್ದ.

“ಒಬ್ಬರಿಗೋಸ್ಕರ ಅಡುಗೆನಾ?” ಎಂದು ನಾಗಭೂಷಣರು ಗುಡುಗಿದರು. ಆಮೇಲೆ ಮೇಲಿನ ಹಲಗೆ ನೋಡಿದರು. “ಒಂದಲ್ಲ, ಎರಡಿದೆ! ಮೇಲಿರೋದು ಯಾರದ್ರೀ?”

ಮೋನುಚ್ಚ ಅಕ್ಕಿ ಡಬ್ಬದ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು. “ಶೀನಣ್ಣಂದು. ಅವರು ಕವುಚಿ ಹೋಗ್ಲಿಲ್ಲ. ಇನ್ನೊಬ್ಬರ ಬಟ್ಟಲು ನಾನು ಕವುಚ್ಲಿಕ್ಕೆ ಆಗ್ತದಾ? ಕಾನೂನು ಉಂಟಲ್ಲ.”

ನೀವು ಹೋದಂದಿನಿಂದ ಅವರು ನಿಮ್ಮ ಪಾಲಿನ ಅನ್ನ ದಿನಾ ಮಾಡುತ್ತಲೇ ಇದ್ದರಂತೆ. ಅಕ್ಕಿ ಯಾಕೆ ಕಮ್ಮಿಯಾಗಲಿಲ್ಲವೆಂದು ಆಗ ಎಲ್ಲರಿಗೂ ತಿಳಿಯಿತು. ನಾಗಭೂಷಣರು, ಈ ಸಲ ಸ್ವಲ್ಪ ಮೆಲ್ಲಗೆ, “ಸತ್ತೋರು ಓಟು ಹಾಕೋದುಂಟೇನ್ರೀ?” ಎಂದರು.

“ನಮ್ಮ ಪಂಚಾಯತಿ ಚುನಾವಣೆ ನೀವು ನೋಡ್ಲಿಲ್ಲ ಮಾರ್ರೆ” ಎಂದರು ಮೋನುಚ್ಚ.

“ಮತ್ತೆ ಆ ಅನ್ನ? ಅದನ್ನ ಯಾರು ತಿಂತಿದ್ದಿದ್ದು?”

ಮೋನುಚ್ಚ ಫ್ರಿಜ್ಜಿನ ಬಾಗಿಲು ತೆರೆದರು. ಒಳಗೆ ನಾಗಭೂಷಣರ ನೀಲಿ ಮುಚ್ಚಳದ ಡಬ್ಬಿ. “ಬೆಳಿಗ್ಗೆ ಒಗ್ಗರಣೆ ಹಾಕಿ ಇದಕ್ಕೆ ತುಂಬಿಸ್ತಿದ್ದೆ. ಚಿತ್ರಾನ್ನ ಭಾರೀ ಲಾಯ್ಕ್ ಉಂಟು, ಆಫೀಸಲ್ಲಿ ಎಲ್ಲರೂ ಕೇಳ್ತಾರೆ ಅಂತ ನೀವೇ ಹೇಳ್ತಿದ್ರಲ್ಲ?”

ಮಾವ, ಆ ಮನುಷ್ಯನ ಮುಖ ನೀವು ನೋಡಬೇಕಿತ್ತು. ಸಿಟ್ಟು ಮಾಡುವುದೋ ನಗುವುದೋ ತಿಳಿಯದೆ ಕನ್ನಡಕ ತೆಗೆದು ಒರೆಸಿದರು. ಕಪಾಟಿನ ಹತ್ತಿರ ಹೋಗಿ ತಮ್ಮ ತಟ್ಟೆಯನ್ನು ಸದ್ದಾಗದಂತೆ ಅಂಗಾತ ಮಾಡಿ, “ಸಂಜೆ ಸಾರು ಏನ್ರೀ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಗೆ ಹೋದರು. ಮೊಬೈಲಿನೊಳಗೆ ಇಳಿದವರು ಒಬ್ಬೊಬ್ಬರಾಗಿ ಮೇಲೆ ಬಂದರು. ಬಟ್ಟಲುಗಳ ಸದ್ದು ಕೇಳಿತು. ಬಂಗುಡೆ ಸಾರು ಮಾಡಿದರು ಮೋನುಚ್ಚ, ಖಾರ ಸ್ವಲ್ಪ ಜಾಸ್ತಿಯೇ ಹಾಕಿ.

ಇನ್ನೊಂದು ಸುದ್ದಿ. ಕಾರ್ಡಿನ ಹುಡುಗಿ ನಿಮ್ಮ ಹಳೆಯ ನಂಬರಿಗೆ ಮಾಡಿದ್ದಳು, ಅದು ಈಗ ನನ್ನ ಹತ್ತಿರ ಇದೆ. “ಅಂಕಲ್ ಇಲ್ವಾ?” ಎಂದಳು. ರಜೆಯಲ್ಲಿದ್ದಾರೆ ಎಂದೆ. ಬೇರೆ ಏನು ಹೇಳಲಿ? ಕಥೆ ಎಲ್ಲಿಗೆ ನಿಂತಿತ್ತೆಂದು ಕೇಳಿ, ಸಣ್ಣ ಬ್ಯಾಂಕುಗಳು ಅಣಬೆಯಾದ ಭಾಗ ನಾನೇ ಹೇಳಿ ಮುಗಿಸಿದೆ. ಕಾರ್ಡು ತೆಗೆದುಕೊಳ್ಳಲಿಲ್ಲ, ಹೆದರಬೇಡಿ. ಅಧ್ಯಕ್ಷನ ಚಿತ್ರ ಈಗ ಒಲೆಯ ಮೇಲೂ ಇಲ್ಲ, ನೀರುಳ್ಳಿಯ ಹಿಂದೆಯೂ ಇಲ್ಲ. ಚಾಹುಡಿ ಡಬ್ಬಿಯ ಪಕ್ಕ, ನಡುವೆ ಎಲ್ಲೋ ಇದೆ. ಅಲ್ಲಿಯೇ ಇರಲಿ ಎಂದರು ಮೋನುಚ್ಚ. ಯಜಮಾನಿಕೆಯನ್ನೂ ಸರದಿಗೆ ಹಾಕಿದ್ದೇವೆ, ಬೇಸರ ಮಾಡಬೇಡಿ. ಈ ತಿಂಗಳು ನನ್ನದು.

ನಿಮ್ಮ ಬಟ್ಟಲು ಮೇಲಿನ ಹಲಗೆಯಲ್ಲಿ ಅಂಗಾತವೇ ಇದೆ. ನಾಗಭೂಷಣರ ಡಬ್ಬಿಗೆ ಚಿತ್ರಾನ್ನವೂ ತಪ್ಪಿಲ್ಲ. ನಾನು ಇರುವಷ್ಟು ದಿನ ಆ ಬಟ್ಟಲನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ, ಆಣೆ. ಕವುಚಲೇಬೇಕೆಂದಿದ್ದರೆ ನೀವೇ ಬಂದು ಕವುಚಿ ಹೋಗಿ.

ನಿಮ್ಮ ಅಳಿಯ,
ಭಾಸ್ಕರ