ನಾಲ್ಕನೆಯ ಮಧ್ಯಾಹ್ನದ ದನಿ

ಗುರುವಾರ, ೧೬ ಜೂನ್

ಪ್ರೀತಿಯ ತಂಗಿಗೆ,

ನೀನೂ ನಿನ್ನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೊಣಕಾಲಿನ ನೋವು ಇಳಿದಿದೆಯೆಂದು ನಿನ್ನ ಮೊಮ್ಮಗಳ ಪತ್ರದಿಂದ ತಿಳಿದು ಸಮಾಧಾನವಾಯಿತು. ನಿನ್ನ ಮೂರು ಪತ್ರಗಳೂ ಕೈಸೇರಿವೆ. ಹತ್ತು ವಾರ ಉತ್ತರಿಸದೆ ಕುಳಿತದ್ದಕ್ಕೆ ಕ್ಷಮೆ ಕೇಳುತ್ತೇನೆ. ಕಣ್ಣು ಮಂಜಾಗಿದೆ ಎಂಬ ನೆಪ ಹೇಳಬಹುದಿತ್ತು. ಆದರೆ ಇದೇ ಕಣ್ಣುಗಳಿಂದ ನಿನ್ನೆ ನೆರೆಮನೆಯವರ ಬಾಡಿಗೆ ಕರಾರಿನಲ್ಲಿ ಹನ್ನೊಂದು ತಪ್ಪುಗಳನ್ನು ಹುಡುಕಿಕೊಟ್ಟಿದ್ದೇನೆ.

ನಮ್ಮ ಸೋದರತ್ತೆ ತೀರಿಕೊಂಡು ಒಂದು ತಿಂಗಳಾಯಿತು. ಸುದ್ದಿಯನ್ನು ಒಂದೇ ಸಾಲಿನಲ್ಲಿ ತಿಳಿಸಿದ್ದೆ; ಉಳಿದದ್ದನ್ನು ಈಗ ಬರೆಯುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ತೆಗೆಯದೆ ಮಲಗಿದವರು ಹಾಗೆಯೇ ಹೋಗಿಬಿಟ್ಟರು. ತೊಂಬತ್ತೊಂದು ವರ್ಷ ಬಾಳಿದವರ ಕೋಣೆಯನ್ನು ಬರಿದುಮಾಡಲು ನನಗೆ ಒಂದು ಬೆಳಗ್ಗೆ ಸಾಕಾಯಿತು. ಹೊಲಿಗೆಯಂತ್ರವನ್ನು ಮೇಲಿನ ಮನೆಯವರು ಒಯ್ದರು. ಗುಂಡಿಗಳ ಮೂರು ಡಬ್ಬಿಗಳನ್ನು ಯಾರೂ ಕೇಳಲಿಲ್ಲ, ನಾನು ತಂದಿಟ್ಟುಕೊಂಡಿದ್ದೇನೆ. ಈಗ ಗೋಡೆಗೆ ಸುಣ್ಣವೂ ಆಗಿದೆ.

ನೀನು ಕಳಿಸಿದ್ದ ಧ್ವನಿಮುದ್ರಣ ಯಂತ್ರವನ್ನು ಹಿಡಿದು ನಾನು ಆ ಕೋಣೆಗೆ ನಾಲ್ಕು ಮಧ್ಯಾಹ್ನ ಹೋಗಿದ್ದೆ. ಮೊದಲನೆಯ ದಿನ ಅದನ್ನು ಮೇಜಿನ ಮೇಲೆ ಇಡುತ್ತಲೇ ಅತ್ತೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಇದೇನೋ ಪೂರ್ಣವಿರಾಮ, ಸೋಪಿನ ಡಬ್ಬಿ ತಂದಿದೀಯ?"

ಯಾರ ಮಾತನ್ನೂ ಮುಗಿಯಗೊಡದೆ ತಿದ್ದುತ್ತೇನೆಂದು ಅವರು ನನಗಿಟ್ಟಿದ್ದ ಹೆಸರು ಅದು. ನಿನಗೆ ಗೊತ್ತೇ ಇದೆ.

"ನೀವು ಮಾತಾಡಿದ್ದೆಲ್ಲ ಇದರಲ್ಲಿ ಉಳಿಯುತ್ತೆ ಅತ್ತೆ."

"ಉಳಿಯುತ್ತಾ? ಹಾಗಾದ್ರೆ ಮೊದಲು ಮನೆ ಮಾಲೀಕನ ವಿಷಯ ಹೇಳ್ತೀನಿ ಇರು. ಅವನ ಮೊಮ್ಮಕ್ಕಳೂ ಕೇಳ್ಲಿ."

ಎರಡನೆಯ ದಿನ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕಳೆದ ನಲವತ್ತು ವರ್ಷಗಳನ್ನು ಹೇಳಿದರು. "ಎಷ್ಟು ಸಾವಿರ ಹೊದಿಕೆ ಅಂಚು ಹೊಲಿದೆನೋ ಲೆಕ್ಕ ಇಲ್ಲ ಕಣೋ. ಹೊದ್ದವರ ಮುಖ ಒಂದೂ ನೋಡ್ಲಿಲ್ಲ" ಎಂದು ನಕ್ಕರು. ಮೂರನೆಯ ದಿನ ತಾತನ ಸಿಟ್ಟು, ಅವರ ಮುರಿದ ಸೈಕಲ್ಲು, ಅಪ್ಪನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿದ್ದು, ಅದು ಹೋದದ್ದು. ನಡುನಡುವೆ, "ನಿನ್ನ ತಂಗಿ ಏನೋ ಕೇಳಿದ್ಲಲ್ಲ, ಅದನ್ನ ಯಾವಾಗ ಕೇಳ್ತೀಯ?" ಎಂದು ಅವರೇ ನೆನಪಿಸುತ್ತಿದ್ದರು. ನಾನು ಕಾಲಕ್ರಮ ತಪ್ಪಬಾರದೆಂದು ಮುಂದೂಡುತ್ತಿದ್ದೆ.

ನಿನ್ನ ಪ್ರಶ್ನೆಯನ್ನು ನಾನು ಮರೆತಿರಲಿಲ್ಲ. ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮ ಬಂದು ಅವಳಿಗಳಲ್ಲಿ ಒಂದನ್ನು ಸಾಕಲು ಕೊಡಿರೆಂದು ಕೇಳಿದ ದಿನ, ನಾಲ್ಕು ವರ್ಷದ ಇಬ್ಬರಲ್ಲಿ ನಿನ್ನನ್ನೇ ಏಕೆ ಕೊಟ್ಟರು? ಕೊಟ್ಟವರು ಯಾರು? ಅಮ್ಮ ಹಿಂದಿರುಗಿ ನೋಡಿದಳೇ? "ಅಮ್ಮನಿಗೆ ನಾನು ಬೇಡವಾಗಿದ್ದೆ ಅಂದುಕೊಂಡೇ ಬದುಕು ಮುಗೀತಿದೆ. ಹೌದೋ ಅಲ್ಲವೋ ಅಷ್ಟು ತಿಳಿದರೆ ಸಾಕು ಅಣ್ಣ" ಎಂದು ನೀನು ಬರೆದಿದ್ದೆ. ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ ಯಾರೂ ಇಲ್ಲ. ನಿನ್ನ ಅವಳಿಯೂ ಹೋಗಿ ಆರು ವರ್ಷವಾಯಿತು. ಆ ದಿನ ಆ ಮನೆಯಲ್ಲಿದ್ದು, ಹೇಳುವಷ್ಟು ದೊಡ್ಡವರಾಗಿದ್ದವರಲ್ಲಿ ಉಳಿದಿದ್ದವರು ಅತ್ತೆಯೊಬ್ಬರೇ.

ನಾನು ಕೆಲಸ ಮಾಡಿದ ರೀತಿಯನ್ನು ಹೇಳಿಬಿಡುತ್ತೇನೆ. ಮನೆಗೆ ಬಂದು ಯಂತ್ರವನ್ನು ಆಲಿಸುತ್ತ, ಪುನರುಕ್ತಿಗಳನ್ನೂ ಅಡ್ಡಮಾತುಗಳನ್ನೂ ತೆಗೆದು, ವಾಕ್ಯಗಳನ್ನು ಸರಿಪಡಿಸಿ, ಶುದ್ಧ ಪ್ರತಿಯೊಂದನ್ನು ಸಿದ್ಧಪಡಿಸುತ್ತಿದ್ದೆ. ಬಳಿಕ ಯಂತ್ರದಲ್ಲಿದ್ದುದನ್ನು ಅಳಿಸಿ, ಮರುದಿನ ಅದೇ ಜಾಗದಲ್ಲಿ ಮತ್ತೆ ಮುದ್ರಿಸುತ್ತಿದ್ದೆ. ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಹಾಗೆಯೇ ನಡೆದವನು ನಾನು: ಅಂತಿಮ ಪ್ರತಿ ಅಚ್ಚಾದ ಕೂಡಲೇ ಕರಡುಗಳನ್ನು ಹರಿದುಹಾಕಬೇಕು, ಇಲ್ಲದಿದ್ದರೆ ತಿದ್ದಿದ ತಪ್ಪುಗಳೇ ಮತ್ತೆ ಒಳನುಸುಳುತ್ತವೆ.

ಮೊದಲ ಮೂರು ದಿನಗಳ ಪ್ರತಿಗಳನ್ನು ಓದಿ ನೀನು ಬರೆದೆ: "ಅಣ್ಣ, ಇದು ಅತ್ತೆ ಅಲ್ಲ, ನೀನು. ಅತ್ತೆ ಯಾವತ್ತು 'ತದನಂತರ' ಅಂದಿದ್ದಾರೆ? ನನಗೆ ಅವರ ದನಿ ಕಳಿಸು." ಆ ಪತ್ರ ಕೈಸೇರುವ ಹೊತ್ತಿಗೆ ನಾಲ್ಕು ದಿನಗಳ ಮುದ್ರಣಗಳೂ ಅಳಿಸಿಹೋಗಿದ್ದವು.

ಯಂತ್ರವನ್ನು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯಾಕೆ ಅದನ್ನು ಬಿಚ್ಚಿ, ತನ್ನ ಕಂಪ್ಯೂಟರಿಗೆ ಜೋಡಿಸಿ, ಬಹಳ ಹೊತ್ತು ನೋಡಿದಳು.

"ಸುಮ್ಮನೆ ಅಳಿಸಿದ್ರೆ ಹೇಗೋ ಎತ್ತಬಹುದಿತ್ತು ಸಾರ್. ನೀವು ಅದರ ಮೇಲೇ ಮತ್ತೆ ಮತ್ತೆ ತುಂಬಿಸಿದೀರಲ್ಲ. ಯಾರ ದನಿ ಇತ್ತು?"

"ನಮ್ಮ ಅತ್ತೆಯವರದು."

"ಇದ್ದಾರಾ? ಇನ್ನೊಂದು ಸಲ ಮಾತಾಡಿಸಿಬಿಡಿ ಮತ್ತೆ. ಅದೇನು ದೊಡ್ಡ ವಿಷಯ!"

ನಾನು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಆಗ ಅತ್ತೆಯನ್ನು ಕಳಿಸಿಕೊಟ್ಟು ಐದು ದಿನವಾಗಿತ್ತು.

ನಾಲ್ಕನೆಯ ದಿನದ ಶುದ್ಧ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ಅರ್ಧ ಪುಟವಷ್ಟೇ ಇದೆ. ಅದರಲ್ಲಿ ನಿನ್ನ ಪ್ರಶ್ನೆಗೆ ಉತ್ತರವಿಲ್ಲ. ಇನ್ನು ಕೇಳುವುದಕ್ಕೆ ಯಾರೂ ಇಲ್ಲ. ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ತಿಳಿಯಲಿಲ್ಲ. ಹತ್ತು ವಾರ ತಡವಾದದ್ದು ಅದಕ್ಕೇ.

ಮಳೆಗಾಳಿಯಲ್ಲಿ ಹೊರಗೆ ಓಡಾಡಬೇಡ. ಮೊಮ್ಮಗಳ ಬರವಣಿಗೆ ದುಂಡಾಗಿದೆ. ಅವಳಿಗೆ ನನ್ನ ಮೆಚ್ಚುಗೆ ತಿಳಿಸು. ನಿನಗೂ ನಿನ್ನವರೆಲ್ಲರಿಗೂ ಒಳ್ಳೆಯದಾಗಲಿ. ನಿನ್ನ ಮನೆಯಲ್ಲಿ ನಗುವಿಗೆ ಕೊರತೆಯಾಗದಿರಲಿ.

ನಿನ್ನ ಹಿತವನ್ನೇ ಬಯಸುವ,
ಅಣ್ಣ

ಮರೆತ ಮಾತು:

ಮರೆತದ್ದಲ್ಲ. ಲಕೋಟೆಯನ್ನು ಅಂಟಿಸಿಯಾಗಿತ್ತು, ಮತ್ತೆ ಹರಿದು ಈ ಹಾಳೆಯನ್ನು ಸೇರಿಸುತ್ತಿದ್ದೇನೆ. ಮೇಲಿನ ಪತ್ರದಲ್ಲಿ ಸುಳ್ಳೊಂದೂ ಇಲ್ಲ. ನಾಲ್ಕನೆಯ ದಿನದ ಪ್ರತಿಯಲ್ಲಿ ಉತ್ತರವಿಲ್ಲವೆಂದು ಬರೆದೆ. ಅತ್ತೆ ಉತ್ತರಿಸಲಿಲ್ಲವೆಂದು ಬರೆದಿಲ್ಲ.

ಅವರು ಹೇಳಿದರು. "ನಿಮ್ಮಮ್ಮ ಇಬ್ಬರನ್ನೂ ಗೋಡೆ ಪಕ್ಕ ನಿಲ್ಲಿಸಿದ್ಲು. ಯಾರು ಹೋಗ್ಬೇಕು ಅನ್ನೋದು ಅವಳ ಬಾಯಿಂದ ಬರ್ಲೇ ಇಲ್ಲ. ನಿಮ್ಮಪ್ಪ ಎದ್ದು ಹೊರಗೆ ಹೋದ. ಆಗ ನಿನ್ನ ಕರೆದು, 'ನಮ್ಮ ಜೊತೆ ಯಾರಿರ್ಲಿ, ನೀನೇ ಹೇಳಪ್ಪ' ಅಂದ್ಲು. ಒಂಬತ್ತು ವರ್ಷದವನು ನೀನು. ಕಾಪಿ ಪುಸ್ತಕ ಎದೆಗವಚಿಕೊಂಡು ನಿಂತಿದ್ದೆ. ಅದರ ಮೇಲೆ ಗೀಚಿದ್ದಳಲ್ಲ, ಅವಳ ಕಡೆ ಬೆರಳು ಮಾಡಿ, 'ಇವಳು ಹೋಗ್ಲಿ' ಅಂದೆ. 'ಸರಿಯಾಗಿ ನೋಡಿ ಹೇಳು' ಅಂತ ಇನ್ನೊಂದ್ಸಲ ಕೇಳಿದ್ಲು. ಆಗಲೂ ಅವಳನ್ನೇ ತೋರಿಸ್ದೆ."

ಅತ್ತೆ ನನ್ನನ್ನು ದೂರಲಿಲ್ಲ. "ಮಗು ನೀನು, ನಿನಗೇನು ಗೊತ್ತಿತ್ತು" ಎಂದು ನನ್ನ ಕೈಮೇಲೆ ಕೈಯಿಟ್ಟರು. ಆದರೆ ನನಗೆ ಇದು ಹೊಸ ಸಂಗತಿಯಾಗಿರಲಿಲ್ಲ. ಆ ಪುಟ, ಅದರ ಮೇಲಿನ ನಿನ್ನ ಪೆನ್ಸಿಲಿನ ಸುತ್ತುಗಳು, ಎಲ್ಲವೂ ನನಗೆ ನೆನಪಿವೆ. ಅಂದು ಮನೆಗೆ ಬಂದು ಪ್ರತಿ ಬರೆಯುವ ಮೊದಲೇ ಅಳಿಸಿದೆ. ಮತ್ತಾರೂ ಎತ್ತಲಾರದಂತೆ, ಖಾಲಿ ಕೋಣೆಯಲ್ಲಿ ಯಂತ್ರವನ್ನು ಓಡಲು ಬಿಟ್ಟು ಅದರ ಮೇಲೆ ತುಂಬಿಸಿದೆ. ಮುದ್ರಣಾಲಯದ ರೂಢಿಯನ್ನು ಅದಕ್ಕೆ ಹೊಣೆಮಾಡಲಾರೆ. ದನಿ ಕಳಿಸೆಂದು ನೀನು ಬರೆದ ಮೇಲೂ ಅತ್ತೆ ಆರು ವಾರ ಬದುಕಿದ್ದರು. ಪ್ರತಿ ವಾರವೂ ಹೋದೆ, ಯಂತ್ರವನ್ನು ಒಯ್ಯಲಿಲ್ಲ. ಅಳಿಸಿದ್ದನ್ನು ಮರಳಿ ಪಡೆಯಲು ಅಂಗಡಿಗೆ ಒಯ್ದದ್ದು ಅವರು ಹೋದ ಮೇಲಷ್ಟೇ.

ಅದರೊಡನೆ ಅಳಿದುಹೋದದ್ದು ಇನ್ನೊಂದಿದೆ. ನೀನು ಹೋದ ಮೇಲೆ ಅಮ್ಮ ಎಷ್ಟೋ ತಿಂಗಳು, ಬೆಳಗ್ಗೆ ಒಬ್ಬಳಿಗೆ ಜಡೆ ಹಾಕಿ ಮುಗಿಸಿ, ಬಾಚಣಿಗೆ ಹಿಡಿದುಕೊಂಡೇ, "ಇನ್ನೊಬ್ಬಳು ಬಾ" ಎಂದು ಕರೆಯುತ್ತಿದ್ದಳಂತೆ. ಹೇಳುವಾಗ ಅತ್ತೆಯ ದನಿ ನಡುಗಿತು. ಇದನ್ನು ಉಳಿಸಿ ಅದನ್ನಷ್ಟೇ ಅಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಆ ದನಿಯಲ್ಲಿ ಕೇಳಿದ್ದರೆ ನೀನು ನಂಬುತ್ತಿದ್ದೆ. ಅರವತ್ತೆರಡು ವರ್ಷ ಬಾಯಿ ಬಿಡದಿದ್ದವನು ಈಗ ನಿನ್ನ ಸಮಾಧಾನಕ್ಕೆಂದು ಕಟ್ಟಿದ ಮಾತಿದು ಎಂದು ನಿನಗೆ ಅನ್ನಿಸಿದರೆ, ಅಲ್ಲವೆಂದು ತೋರಿಸಲು ನನ್ನ ಬಳಿ ಏನೂ ಉಳಿದಿಲ್ಲ.