ಐದು ಎಸಳಿನ ಕಾಡು ಫ್ಲಾಕ್ಸ್

ರೇಣು,

ಇದನ್ನು ಕಳಿಸುವುದಿಲ್ಲ, ಬರೆದಾದರೂ ನಿನ್ನನ್ನು ಬೈಯುತ್ತೇನೆ.

ಬಾರಾಮತಿಯ ಕಾಲೇಜಿನಿಂದ ನೀನು ತಂದುಕೊಟ್ಟ ಕಾಡು ಫ್ಲಾಕ್ಸ್ ಬೀಜ ಕೊನೆಗೂ ಗಿಡವಾಗಿ ಹೂ ಬಿಟ್ಟಿದೆ. "ಐದು ಎಸಳಿದ್ರ ಫ್ಲಾಕ್ಸ್, ನಾಕಿದ್ರ ಬ್ಯಾರೆ. ಹೂ ಬಿಟ್ಟ ದಿನ ಇಬ್ರೂ ಕೂಡಿ ಎಣಸೋಣು" ಅಂತ ನೀನೇ ಹೇಳಿದ್ದೆ.

ಇವತ್ತು ನೀನು ನಮ್ಮ ವಾಕಡದ ನರ್ಸರಿಗೆ ಬಂದೆ, ಗಂಡನ ಜೊತೆ. ಗುರುತೇ ಇಲ್ಲದವಳ ಹಾಗೆ ನನ್ನ ಹತ್ತಿರ ಮರಾಠಿಯಲ್ಲಿ ಮಾತಾಡಿದೆ: "ದಾದಾ, ಗುಲಾಬ ಆಹೇ ಕಾ?" ಅಣ್ಣಾ, ಗುಲಾಬಿ ಇದೆಯಾ ಅಂತ.

ನಿನ್ನ ಗಂಡ ಆ ಫ್ಲಾಕ್ಸ್ ಇದ್ದ ಕುಂಡ ತೋರಿಸಿ, "ಇದ್ಯಾವ ಹೂವ, ಛಲೋ ಅದಲಾ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ನೀನು, "ಏನೋ ಕಸದ ಗಿಡಾರೀ, ಬರ್ರಿ" ಅಂದೆ.

ಅವರು ನಂಬಿ ಗುಲಾಬಿ ಕೊಂಡರು. ನೀನು ಮರೆತಿದ್ದೀಯ ಅಂತ ನಾನೂ ನಂಬುತ್ತಿದ್ದೆ. ಆದರೆ ಹಾಗನ್ನುವ ಮೊದಲು ನಿನ್ನ ಬೆರಳು ಒಂದೊಂದೇ ಎಸಳು ಮುಟ್ಟುತ್ತಾ ಐದರ ತನಕ ಎಣಿಸಿದ್ದನ್ನು ನೋಡಿದೆ.