ನಿನ್ನ ಎಡಗಣ್ಣಿಗೊಂದು ಕೋವಿ

ಪ್ರೀತಿಯ ವಿಂಕೊ,

ಸಮುದ್ರದ ದಂಡೆಯ ಹಠಮಾರಿ ಕತ್ತೆಗೆ ಕೊಚೆವ್ಯೆ ಕಾಡಿನ ಕತ್ತೆಯ ನಮಸ್ಕಾರ.

ಮೊದಲೇ ಹೇಳುತ್ತೇನೆ, ಓದಿ ಮುಗಿಸುವ ತನಕ ಹರಿಯಬೇಡ. ಫೋನು ಮಾಡಿದಾಗಲೆಲ್ಲ ನಿನ್ನ ತಂಗಿ, "ಅಣ್ಣ ಸಮುದ್ರದ ಕಡೆ ಹೋಗಿದಾನೆ ಬೊಗೊ" ಅನ್ನುತ್ತಾಳೆ. ಪಕ್ಕದಲ್ಲೇ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ಸಮುದ್ರ ನಿನ್ನ ಹಾಗೆಯೇ ಕೆಮ್ಮುತ್ತದೆ ಅಂತ ಇಷ್ಟು ದಿನ ನಂಬಿದೆ. ಇನ್ನು ನಂಬುವುದಿಲ್ಲ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಸರಿ, ಬರೆದೇ ತೀರುತ್ತೇನೆ ಅಂತ ಕೂತಿದ್ದೇನೆ.

ಸೌದೆ ಸೀಳುವಾಗ ಹಾರಿದ ಒಂದು ಚೂರು ನಿನ್ನ ಬಲಗಣ್ಣು ತೆಗೆದುಕೊಂಡು ಹೋಯಿತು. ಅದಕ್ಕೆ ನೀನು ಅಳಲಿಲ್ಲ. ಆಸ್ಪತ್ರೆಯಿಂದ ಬಂದವನೇ ಬೇಟೆಗಾರರ ಗುಡಿಸಿಲಿಗೆ ಬಂದೆ, ಸೂಪು ಕುಡಿದೆ, ನಗಾಡಿದೆ. ಹೊರಡುವಾಗ ನಮ್ಮ ಸಂಘದ ಹಿರಿಯ ರೂಡಿ, ಬೇಟೆಗೆ ಹೊರಡುವಾಗ ನಾವೆಲ್ಲ ಒಬ್ಬರಿಗೊಬ್ಬರು ಹರಸುವ ಹಾಗೆ, ಬಾಯಿ ಅಭ್ಯಾಸಕ್ಕೆ ನಿನಗೂ "ಒಳ್ಳೆಯ ನೋಟ ಸಿಗಲಿ!" ಅಂದುಬಿಟ್ಟ. ನೀನು ಟೋಪಿ ತೆಗೆದು ಗೋಡೆಯ ಮೇಲಿನ ನಿನ್ನ ಮೊಳೆಗೆ ನೇತುಹಾಕಿದೆ.

"ಕಣ್ಣು ಹೋದ ಸಂಕಟ ನನಗಿರಲಿ ರೂಡಿ. ನನ್ನ ತಪ್ಪು ಗುಂಡಿಗೆ ಕಾಡು ಯಾಕೆ ನರಳಬೇಕು?" ಅಂದೆ. ನೀನೇ ನಿನ್ನ ಹಳೆಯ ಕೋವಿ ಮಾರಿದೆ, ತಂಗಿಯ ಮನೆಗೆ ಹೋದೆ. ಟೋಪಿ ಮಾತ್ರ ಇಲ್ಲೇ ಇದೆ.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉಳಿದ ಎಲ್ಲ ಮಾತಿಗೂ ನನ್ನ ಹತ್ತಿರ ಉತ್ತರ ಇರುತ್ತದೆ, ನಿನಗೆ ಗೊತ್ತು. ನನ್ನ ಮೊದಲ ಗಂಡು ಜಿಂಕೆ ಬಿದ್ದ ದಿನ ನೀನು ಅದರ ಬಾಯಿಗೆ ಕೊನೆಯ ತುತ್ತು ಅಂತ ಫರ್ ಮರದ ಚಿಗುರು ಇಟ್ಟೆ. ನನ್ನ ಟೋಪಿಗೂ ಒಂದು ಸಿಕ್ಕಿಸಿದೆ. "ಒಂದೇ ಗುಂಡು ಬೊಗೊ. ಅನುಮಾನ ಬಂತೋ, ಬೆರಳು ತೆಗಿ, ಮನೆಗೆ ಹೋಗಿ ಆಲೂಗಡ್ಡೆ ತಿನ್ನು" ಅಂದೆ. ಅಂಥವನಿಗೆ ತಮಾಷೆಯಿಂದ ಉತ್ತರ ಕೊಡಲಾಗುವುದಿಲ್ಲ. ಗುರಿಯಿಂದಲೇ ಕೊಡಬೇಕು.

ಅದಕ್ಕೇ ಒಂದು ಕೋವಿ ತಂದೆ. ರಿಬ್ನಿಟ್ಸಾದ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ಎಡಗೈಯವರ ಕೋವಿ, ಎಡಗಣ್ಣಲ್ಲೇ ಗುರಿ ಹಿಡಿಯುವಂಥದ್ದು. ಎಡಗೈಯವರು ಕಡಿಮೆ, ಹಾಗಾಗಿ ಅಗ್ಗ. ಮರವಿಲ್ಲ, ಚಿತ್ತಾರವಿಲ್ಲ, ಉಕ್ಕಿನ ನಳಿಗೆ ಬಿಟ್ಟರೆ ಪೂರ್ತಿ ಕರಿ ಪ್ಲಾಸ್ಟಿಕ್ಕು. ರೂಡಿ ನೋಡಿದವನೇ, "ಹುಟ್ಟು ಸಿಕ್ತು, ದೋಣಿ ಎಲ್ಲೋ?" ಅಂದ. ಜೋಫ್ಕಾ ಅದನ್ನು ಒಲೆ ಕೆದಕುವ ಕೋಲು ಅಂದುಕೊಂಡಳಂತೆ. ಹೆಂಡತಿಯರು ಬೇಕಂತಲೇ ಹೀಗೆ ಅಂದುಕೊಳ್ಳುತ್ತಾರೆ.

ನಾನು ಬಲಗೈಯವನು. ಆದರೆ ನಿನ್ನ ಕೋವಿಯನ್ನು ನನ್ನ ಬಲಗಣ್ಣಲ್ಲಿ ಪರೀಕ್ಷೆ ಮಾಡಿದರೆ ನಿನಗೆ ಕೊಟ್ಟ ಉತ್ತರ ಆಗುತ್ತದಾ? ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡೆ. ಎಡಭುಜಕ್ಕೆ ಕೋವಿ ಇಟ್ಟುಕೊಂಡೆ. ಬೇಸಿಗೆ ಪೂರ್ತಿ ಜಲ್ಲಿ ತೆಗೆದ ಗುಂಡಿಯ ಗುರಿಕಟ್ಟೆಯಲ್ಲಿ ಹಾಗೇ ಮಲಗಿ ಹೊಡೆದೆ. ಮೊದಲ ವಾರ ಒಂಟಿಗಣ್ಣಿಗೆ ಅಳತೆ ಸಿಗದೆ ಲೋಟಕ್ಕೆ ಸುರಿದ ವೈನು ಮೇಜಿಗೆ ಬೀಳುತ್ತಿತ್ತು. ನೀನು ಸೂಪು ಕುಡಿದು ನಗಾಡಿದೆಯಲ್ಲ, ಆ ನಗುವಿನ ಭಾರ ಆಗ ಗೊತ್ತಾಯಿತು ಕಣೋ.

ಗುಂಡುಗಳೋ, ಕೋಳಿಗೆ ಜೋಳ ಎರಚಿದ ಹಾಗೆ! ಒಂದು ಮೇಲೆ, ಒಂದು ಕೆಳಗೆ, ಒಂದು ಹಾಳೆಯಲ್ಲೇ ಇಲ್ಲ. "ಪಕ್ಕದೂರಿನವರಿಗೆ ಹೇಳಿ ಕಳಿಸ್ಲಾ, ದನ ಒಳಗೆ ಕಟ್ಟಿ ಅಂತ?" ಅಂದ ರೂಡಿ.

ಮೊದಲು ಕೋವಿಯ ಮೇಲಿನ ಗುರಿ ನೋಡುವ ದುರ್ಬೀನು ಬಿಚ್ಚಿದೆ. ಅಂಗಡಿಯವನು ಅದನ್ನು ಹಿಡಿದಿಡುವ ಉಂಗುರಗಳ ತಿರುಪನ್ನು ಬೆರಳಲ್ಲಿ ತಿರುಗಿಸಿ ಕೈ ತೊಳೆದುಕೊಂಡಿದ್ದ. ಎಣ್ಣೆ ಒರೆಸಿ, ಎಲ್ಲವನ್ನೂ ಒಂದೇ ಸಮ ಬಿಗಿ ಮಾಡಿದೆ. ಕೋವಿಯ ಉಕ್ಕನ್ನೂ ಪ್ಲಾಸ್ಟಿಕ್ಕನ್ನೂ ಸೇರಿಸುವ ಎರಡು ತಿರುಪು ಕೂಡ ಸಡಿಲ. ಅವನ್ನೂ ಬಿಗಿ ಮಾಡಿದೆ. ಜೋಳ ಸ್ವಲ್ಪ ಹತ್ತಿರ ಬಿತ್ತು. ಆದರೂ ಜೋಳವೇ.

ಆಮೇಲೆ ಹೊಳೆಯಿತು. ನಮ್ಮೂರಿನವರಿಗೆಲ್ಲ ಒಂದು ಚಾಳಿ. ಕಾಡಿನಲ್ಲಿ ಬೇಟೆಯ ಅಟ್ಟಣಿಗೆ ಹತ್ತಿದ ಕೂಡಲೇ ಕೋವಿಯ ತುದಿಯನ್ನು ಕಟಕಟೆಯ ಮರದ ಮೇಲೆ ಧಡ್ ಅಂತ ಊರುತ್ತೇವೆ, ನಳಿಗೆಯೇ ಮರಕ್ಕೆ ತಾಗಿದರೂ ಲೆಕ್ಕಕ್ಕಿಲ್ಲ. ಅಜ್ಜಂದಿರ ಭಾರದ ಕೋವಿಗಳು ಹೇಗೋ ತಾಳಿಕೊಂಡವು. ಗುರಿಕಟ್ಟೆಯಲ್ಲೂ ನಾನು ಹಾಗೇ ದಿಮ್ಮಿಯ ಮೇಲೆ ಊರಿದ್ದೆ. ಜೋಫ್ಕಾ ಬ್ರೆಡ್ಡು ಸುತ್ತಿಕೊಟ್ಟ ಕಾಗದದ ಒಂದು ಪಟ್ಟಿ ಹರಿದು ನಳಿಗೆಗೂ ಪ್ಲಾಸ್ಟಿಕ್ಕಿಗೂ ನಡುವೆ ಜಾರಿಸಿದೆ. ಕೋವಿ ಕೈಯಲ್ಲಿದ್ದಾಗ ಸಲೀಸಾಗಿ ಹೋಯಿತು. ದಿಮ್ಮಿಯ ಮೇಲೆ ಊರಿದ ಮೇಲೆ ಅರ್ಧದಲ್ಲೇ ಸಿಕ್ಕಿಕೊಂಡಿತು! ಭಾರ ಬಿದ್ದಾಗ ಪ್ಲಾಸ್ಟಿಕ್ಕು ಬಾಗಿ ನಳಿಗೆಯನ್ನು ಒತ್ತುತ್ತಿತ್ತು. ಒಂದೊಂದು ಸಲ ಒಂದೊಂದು ಥರ ಒತ್ತಿದರೆ ಗುಂಡು ಒಂದೊಂದು ದಾರಿ ಹಿಡಿಯದೆ ಏನು ಮಾಡುತ್ತದೆ?

ಮರ ಉಜ್ಜುವ ಉಪ್ಪುಕಾಗದವನ್ನು ಪೊರಕೆಯ ಹಿಡಿಗೆ ಸುತ್ತಿ, ನಳಿಗೆ ಮಲಗುವ ಕಾಲುವೆಯನ್ನು ಉಜ್ಜಿ ಉಜ್ಜಿ ಅಗಲ ಮಾಡಿದೆ. ಪೊರಕೆ ಜೋಫ್ಕಾಳದು. "ಕಸ ಗುಡಿಸೋಕೆ ಅಂದ್ರೆ ಬೆನ್ನುನೋವು, ವಿಂಕೊಗೆ ಅಂದ್ರೆ ಸೊಂಟ ನೆಟ್ಟಗಾಗುತ್ತಲ್ಲ ನಿಮಗೆ!" ಅಂದಳು. ಆಮೇಲೆ ಅವಳೇ ಒಂದು ಪುಟ್ಟ ಮರಳಿನ ಚೀಲ ಹೊಲಿದು ಕೊಟ್ಟಳು. ಈಗ ಕೋವಿ ಅದರ ಮೇಲೆ ಮಗುವಿನ ಹಾಗೆ ಮಲಗುತ್ತದೆ. ತುದಿಯಲ್ಲಲ್ಲ, ಹೊಟ್ಟೆಯ ಹತ್ತಿರ. ನೀನು ಅಟ್ಟಣಿಗೆ ಹತ್ತುವಾಗಲೂ ಚೀಲ ಜೇಬಲ್ಲಿರಬೇಕು, ಅದು ಜೋಫ್ಕಾಳ ಆಜ್ಞೆ.

ತೋಟೆಗಳನ್ನೂ ಮೂರು ಥರ ತಂದು ನೋಡಿದೆ. ಜಂಬದ ಪೆಟ್ಟಿಗೆಯದು ಚೆದುರಿತು. ಎಲ್ಲಕ್ಕಿಂತ ಅಗ್ಗದ್ದನ್ನು ಕೋವಿ ಒಂದೇ ಕಡೆ ಹಾಕಿತು. ಬಡವರ ಮನೆ ಮಗು, ಗಂಜಿಯೇ ಒಗ್ಗುತ್ತದೆ. ಇನ್ನು ಬೇರೆ ತೋಟೆ ಮುಟ್ಟುವುದಿಲ್ಲ. ಮೂರು ಗುಂಡು ಹೊಡೆದರೆ ಸಪೂರ ನಳಿಗೆ ಕಾದು ಹೋಗುತ್ತದೆ, ತಣಿಯುವವರೆಗೂ ಕಾಯಬೇಕು. ಕಾಯುವಾಗೆಲ್ಲ ಹಂದಿ ಕೊಬ್ಬು ಸವರಿದ ಬ್ರೆಡ್ಡು ತಿಂದೆ. ಕೋವಿ ಸರಿಯಾಯಿತು, ನನ್ನ ಷರಾಯಿ ಬಿಗಿಯಾಯಿತು.

ಎಲ್ಲ ಆದ ಮೇಲೂ ಒಂದೊಂದು ಗುಂಡು ದಾರಿ ತಪ್ಪುತ್ತಿತ್ತು. ಸಡಿಲ ಇದ್ದ ಕೊನೆಯ ತಿರುಪು ನಾನೇ! ಸದ್ದಿಗೆ ಮೊದಲೇ ಹೆದರಿ ಕೋವಿಯ ಕುದುರೆಯನ್ನು ಬೆರಳಲ್ಲಿ ಜಗ್ಗುತ್ತಿದ್ದೆ. ಖಾಲಿ ಕೋವಿಯ ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಕುದುರೆ ಒತ್ತುವುದನ್ನು ಅಡುಗೆಮನೆಯಲ್ಲಿ ಕಲಿತೆ. ಮಾತಾಡುತ್ತಾ ಇದ್ದರೆ ನಾಣ್ಯ ಬೀಳುತ್ತದೆ ವಿಂಕೊ. ನಾನು ಬಾಯಿ ಮುಚ್ಚಿದ್ದೆ ಅಂದರೆ ನೀನೇ ಅರ್ಥ ಮಾಡಿಕೊ.

ಹೋದ ಗುರುವಾರ ನೂರು ಮೀಟರಿನಿಂದ ಹೊಡೆದ ಹಾಳೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮೂರು ತೂತು, ಒಂದಕ್ಕೊಂದು ತಾಗಿಕೊಂಡು ಕೂತಿವೆ. ರೂಡಿ ಹಾಳೆಯನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮೂಸಿದ. "ಹೊಡೆದದ್ದಾ, ಪೆನ್ಸಿಲಲ್ಲಿ ಚುಚ್ಚಿದ್ದಾ?" ಅಂದ. ನನ್ನ ಕಣ್ಣಿನ ಬಟ್ಟೆ ತೋರಿಸಿದೆ. ಅವನು ನಿನ್ನ ಟೋಪಿ ತೆಗೆದು ಧೂಳು ಕೊಡವಿ ಅದೇ ಮೊಳೆಗೆ ಹಾಕಿದ. ಆಮೇಲೆ, "ಬರೋ ತಿಂಗಳ ಮೊದಲ ಭಾನುವಾರ ಗುರಿ ಪರೀಕ್ಷೆ. ಅವತ್ತು ಹೊಡೀದೇ ಇದ್ದವನ ಹೆಸರು ಸಂಘದಿಂದ ತೆಗಿಲೇಬೇಕು, ಅವನ ಅಟ್ಟಣಿಗೆ ಬೇರೆಯವರಿಗೆ. ನಿಯಮ ಅಂದ್ರೆ ನಿಯಮ. ಆ ಕುರುಡು ಕತ್ತೆಗೆ ಬೇಗ ಬರೆಯೋ" ಅಂದ.

ಈಗ ನೀನು ಹಾಳೆ ನೋಡಿ ಗೊಣಗುತ್ತಿರುತ್ತೀ. ಮೂರೂ ಒಂದೇ ಕಡೆ ಇವೆ, ಆದರೆ ಹಾಳೆಯ ನಡುವಿನ ಕರಿ ಬೊಟ್ಟಿನಿಂದ ಒಂದು ಅಂಗೈ ಅಗಲ ಎಡಕ್ಕೆ. ಹೌದು, ಬೇಕಂತಲೇ ಬಿಟ್ಟಿದ್ದೇನೆ. ದುರ್ಬೀನಿನ ಪಕ್ಕದಲ್ಲಿ ಗುರಿಯನ್ನು ಎಡಬಲಕ್ಕೆ ಸರಿಸುವ ತಿರುಗಣೆಯನ್ನು ನಾನು ಮುಟ್ಟಿಲ್ಲ. ನನ್ನ ದಪ್ಪ ಕೆನ್ನೆಗೆ, ನನ್ನ ಕಣ್ಣಿಗೆ ಕೂಡಿಸಿದರೆ ಅದು ನನ್ನ ಕೋವಿ ಆಗಿಬಿಡುತ್ತದೆ. ನಿನ್ನ ಕೆನ್ನೆ ಸಪೂರ. ಅದು ಒರಗುವ ಜಾಗಕ್ಕೆ ಅಂಟಿಸಲು ಮೆತ್ತೆ ಕತ್ತರಿಸಿ ಇಟ್ಟಿದ್ದೇನೆ, ಅಂಟಿಸಿಲ್ಲ. ಕೋವಿ ಒಂದೇ ಕಡೆ ಹೊಡೆಯುತ್ತದೆ, ಅಷ್ಟು ನನ್ನ ಕೆಲಸ. ಎಲ್ಲಿ ಹೊಡೆಯಬೇಕು ಅನ್ನುವುದು ನಿನ್ನ ಕೆಲಸ. ನಿನ್ನ ಎಡಗಣ್ಣು ಗಿಡುಗನ ಕಣ್ಣು ಅಂತ ಡಾಕ್ಟರೇ ಹೇಳಿದ್ದಾರಲ್ಲ, ನೀನೇ ನಗುತ್ತಾ ಹೇಳಿದ್ದೆ. ಕೋವಿಯ ಕಾಗದಪತ್ರ ಸದ್ಯ ನನ್ನ ಹೆಸರಲ್ಲಿದೆ. ನೀನು ಬಂದರೆ ನಿನ್ನ ಹೆಸರಿಗೆ ಮಾಡಿಸಲು ಕಚೇರಿಗೆ ಒಟ್ಟಿಗೆ ಹೋಗೋಣ.

ಬಾ. ಜಲ್ಲಿ ಗುಂಡಿಯಲ್ಲಿ ಮಲಗು. ಮೂರು ಗುಂಡು ಹೊಡಿ, ತಿರುಗಣೆ ತಿರುಗಿಸು, ಮತ್ತೆ ಮೂರು ಹೊಡಿ. ಆಮೇಲೂ "ಅನುಮಾನ ಇದೆ ಬೊಗೊ" ಅಂದರೆ ನಾನು ಎರಡು ಮಾತಾಡುವುದಿಲ್ಲ. ಇಬ್ಬರೂ ಮನೆಗೆ ಹೋಗಿ ಆಲೂಗಡ್ಡೆ ತಿನ್ನೋಣ. ಆದರೆ ಆ ಮಾತನ್ನು ಕೋವಿ ಕೆನ್ನೆಗಿಟ್ಟ ಮೇಲೆ ಹೇಳು, ಅಲ್ಲಿ ಕೆಮ್ಮುತ್ತಾ ಕೂತು ಅಲ್ಲ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ನಿಲ್ದಾಣದಲ್ಲಿರುತ್ತೇನೆ. ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡೇ ನಿಂತಿರುತ್ತೇನೆ. ಜನ ನಗಲಿ. ನೀನು ಬಂದು ಬಿಚ್ಚುವ ತನಕ ಅದನ್ನು ತೆಗೆಯುವುದಿಲ್ಲ.

ರೂಡಿ ಬಾಯಿ ತಪ್ಪಿ ಹೇಳಿದ್ದನ್ನು ನಾನು ಬೇಕಂತಲೇ ಬರೆಯುತ್ತಿದ್ದೇನೆ, ಸಿಟ್ಟು ಬಂದರೆ ಇಲ್ಲಿಗೇ ಬಂದು ಬೈಯಿ:

ಒಳ್ಳೆಯ ನೋಟ ಸಿಗಲಿ, ವಿಂಕೊ.

ನಿನ್ನ ಮೊಳೆಯ ಪಕ್ಕದ ಮೊಳೆಯವನು,
ಬೊಗೊ